ಏಳು ಸೆಕೆಂಡಿನ ‘ಇಲ್ಲ’

ಅತ್ತೆ ಸೊಸೆಯ ಆಫೀಸಿಗೆ ಬಂದದ್ದು ಅದೇ ಮೊದಲು. ಬಂದದ್ದು ಅಂದರೆ ತಪ್ಪಾದೀತು, ನುಗ್ಗಿದ್ದು. ಶನಿವಾರ ಮಧ್ಯಾಹ್ನ ಎರಡು ಗಂಟೆ. ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ನಾಲ್ಕು ಮೇಜು, ಐದು ಕಂಪ್ಯೂಟರು, ಕುತ್ತಿಗೆ ಉಳುಕಿದವರ ಹಾಗೆ ಒಂದೇ ಕಡೆ ನೋಡುವ ಒಂದು ಫ್ಯಾನು. ಬಾಗಿಲಲ್ಲೇ ನಿಂತ ಅತ್ತೆ, ಮೆಟ್ಟಿಲು ಹತ್ತಿದ ಏದುಸಿರು ಇಳಿಯುವುದಕ್ಕೂ ಕಾಯದೆ ಕೇಳಿದರು:

“ನನ್ನ ಹೆಸರನ್ನ ಎಲ್ಲಿ ನುಂಗಿದೆ, ಹೇಳು.”

ಸೊಸೆ ಬಾಯಲ್ಲಿದ್ದ ತುತ್ತನ್ನು ನುಂಗಿದಳು. “ಏನಾಯ್ತು ಅತ್ತೆ?”

“ಆಗೋದೇನು? ಮೂರನೇ ಸಲ. ಬುಧವಾರ ಹೋದೆ, ಇಲ್ಲ ಅಂದ. ನಿನ್ನೆ ಹೋದೆ, ಇಲ್ಲ ಅಂದ. ಇವತ್ತಂತೂ ಮುಖ ನೋಡೋಕೆ ಮೊದಲೇ ಇಲ್ಲ ಅಂದ. ಆ ಪುಟ ಮಾಡಿದ್ದು ಯಾರು? ನೀನು. ನಮ್ಮ ಸೊಸೆ ಮಾಡಿದ್ದು ಅಂತ ಲಾಂಡ್ರಿಯಲ್ಲೆಲ್ಲ ಡಂಗುರ ಹೊಡೆದೋಳು ಯಾರು? ನಾನು. ಈಗ ಅಲ್ಲಿ ಗುಂಡಿ ಹೊಲಿಯೋ ಗುಂಡಿ ಅಕ್ಕ ಏನಂತಾಳೆ ಗೊತ್ತಾ? ‘ಮಗು ನೋಡ್ಕೊಳ್ಳೋಕೆ ಆಳು ಬೇಕಲ್ಲ, ಅದಕ್ಕೇ ಸೊಸೆ ಅತ್ತೆ ಹೆಸರಿಗೆ ಕತ್ತರಿ ಹಾಕಿದ್ದಾಳೆ’ ಅಂತ.”

ಉಳಿದ ಮೂರು ಮೇಜಿನವರು ಒಮ್ಮೆಲೇ ಕೆಲಸದಲ್ಲಿ ಮುಳುಗಿದರು. ಆ ಆಫೀಸಿನಲ್ಲಿ ಅಷ್ಟು ಜೋರಾಗಿ ಕೀಲಿಮಣೆ ಕುಟ್ಟಿದ್ದು ಯಾರೂ ಕೇಳಿರಲಿಲ್ಲ.

ಅತ್ತೆಗೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ. ನೆಲಮಾಳಿಗೆಯ ಆ ಬಿಸಿಯಲ್ಲಿ ಹದಿನಾಲ್ಕು ವಾರ್ಡಿನ ಹಾಸಿಗೆ ಬಟ್ಟೆ ಒಗೆದು, ಬೇಯಿಸಿ, ಮಡಿಸಿದ ಕೈಗಳು. ಅಲ್ಲಿ ಅವರನ್ನು ಕರೆಯುವುದು ಉಗಿಯಮ್ಮ ಅಂತ. ಉಗಿಯಂತ್ರದ ಮುಂದೆ ನಿಂತದ್ದಕ್ಕೋ ಎದುರು ಸಿಕ್ಕ ಮೇಸ್ತ್ರಿಗಳಿಗೆಲ್ಲ ಉಗಿಯುತ್ತಿದ್ದದ್ದಕ್ಕೋ ಈಗ ಹೇಳುವವರಿಲ್ಲ. ಮನೆಯಲ್ಲಿ ಇಂಥ ಉಗಿಯಮ್ಮ ಮಲಗುವುದು ನಡುಮನೆಯಲ್ಲಿ, ಹೊರಬಾಗಿಲಿಗೆ ಅಡ್ಡಲಾಗಿ. ಬೆಳಗಿನ ಬಸ್ಸು ಓಡಿಸಲು ನಾಲ್ಕೂವರೆಗೆ ಹೊರಡುವ ಮಗ ಅವರನ್ನು ದಾಟಿ ಹೋಗುತ್ತಾನೆ. ನೀರಿಗೆ ಎದ್ದ ಸೊಸೆ ದಾಟುತ್ತಾಳೆ. ಎರಡು ವರ್ಷದ ಮೊಮ್ಮಗಳು ದಾಟುವುದಿಲ್ಲ, ಮೇಲೆಯೇ ಹತ್ತಿ ಇಳಿಯುತ್ತಾಳೆ. “ನನಗೆ ಅರಮನೆ ಬೇಡ. ಒಳಗಿನಿಂದ ಚಿಲಕ ಹಾಕಿಕೊಳ್ಳೋ ಒಂದು ಬಾಗಿಲು ಬೇಕು,” ಅಂತ ಅತ್ತೆ ಹೇಳುತ್ತಲೇ ಇದ್ದರು.

ಆ ಬಾಗಿಲು ಕೊನೆಗೂ ಬಂದಿತ್ತು. ಹತ್ತೊಂಬತ್ತು ವರ್ಷ ಅರ್ಜಿ, ಎರಡು ಮುಷ್ಕರ, ಲೆಕ್ಕವಿಲ್ಲದಷ್ಟು ಧಿಕ್ಕಾರ ಆದಮೇಲೆ ಆಸ್ಪತ್ರೆಯ ಹಿಂದೆ ನಲವತ್ತೆಂಟು ಮನೆ ಎದ್ದು ನಿಂತಿದ್ದವು. ಲಾಂಡ್ರಿಯವರು, ಕಸ ಗುಡಿಸುವವರು, ಸ್ಟ್ರೆಚರ್ ತಳ್ಳುವವರು ಸೇರಿ ನಲವತ್ತೆಂಟು ಜನರ ಪಟ್ಟಿ. ಲಾಂಡ್ರಿಯ ಗೋಡೆಗೆ ಅಂಟಿಸಿದ್ದ ಹಾಳೆಯಲ್ಲಿ ಅತ್ತೆಯದು ಮೂವತ್ತೇಳನೆಯದು. ಆದರೆ ಅಧಿಕಾರಿಗಳು ಕೊಡುವ ಯಾವ ವಸ್ತುವಿಗೂ ಒಂದು ಬಾಲ ಇರುತ್ತದಲ್ಲ, ಇದಕ್ಕೂ ಇತ್ತು. ಶನಿವಾರ ಸಂಜೆ ಐದರೊಳಗೆ ಕೆಳಗಿನ ಕಿಟಕಿಗೆ ಬಂದು ಕಾರ್ಡು ತೋರಿಸಿ ಒಪ್ಪಿಗೆಗೆ ಸಹಿ ಹಾಕಬೇಕು. ಹಾಕದವರು ನಿರಾಕರಿಸಿದ ಹಾಗೆ. ಅವರ ಮನೆ ಕಾಯುವವರ ಪಟ್ಟಿಗೆ ಹೋಗುತ್ತದೆ. ಕಾಯುವವರ ಪಟ್ಟಿಯಲ್ಲಿ ಇದ್ದವರಿಗೆ ಕಾದು ಅಭ್ಯಾಸವೇ ಇರಲಿಲ್ಲ: ಒಬ್ಬ ಆಡಳಿತಾಧಿಕಾರಿಯ ಭಾವಮೈದುನ, ಇನ್ನೊಬ್ಬ ಖರೀದಿ ವಿಭಾಗದವರ ಷಡ್ಡಕ, ಹೀಗೆ ಬಳ್ಳಿ ಹಬ್ಬಿತ್ತು.

ಕಿಟಕಿಯ ಗುಮಾಸ್ತರು ನೋಡುವ ಪುಟವನ್ನು ಮಾಡಿದ್ದು ಸೊಸೆ. ಕಾರ್ಡಿನ ಸಂಖ್ಯೆ ಒತ್ತಿದರೆ ಹೆಸರು, ಮನೆ ಸಂಖ್ಯೆ, ಒಪ್ಪಿಗೆಯ ಬಟನ್ನು. ಆರು ವಾರದ ಕೆಲಸ.

“ಇಲ್ಲಿ ಕೂತ್ಕೊಳ್ಳಿ,” ಎಂದು ಸೊಸೆ ತನ್ನ ಕುರ್ಚಿ ಬಿಟ್ಟುಕೊಟ್ಟು ಅತ್ತೆಯ ಕಾರ್ಡಿನ ಸಂಖ್ಯೆ ಒತ್ತಿದಳು. ಕಣ್ಣು ಮಿಟುಕಿಸುವುದರೊಳಗೆ ಪರದೆಯ ಮೇಲೆ ಅತ್ತೆಯ ಹೆಸರು, ಊರಗಲ ಅಕ್ಷರದಲ್ಲಿ. “ನೋಡಿ, ಇದೆಯಲ್ಲ!”

“ನಿನ್ನ ಪೆಟ್ಟಿಗೆಯಲ್ಲಿದೆ. ಅವನ ಪೆಟ್ಟಿಗೆಯಲ್ಲಿ ಇಲ್ಲ.”

“ಎರಡೂ ಒಂದೇ ಪುಟ ಅತ್ತೆ.”

“ಒಂದೇ ಆದ್ರೆ ಮನೆ ಎಲ್ಲಿ?”

ಸೊಸೆ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

ದೊಡ್ಡಾಸ್ಪತ್ರೆಯ ಕೆಳಗಿನ ಕಿಟಕಿ ಇದ್ದದ್ದು ಲಾಂಡ್ರಿಗೆ ಹೋಗುವ ಓಣಿಯಲ್ಲಿ. ಮೇಲೆ ಕೊಳವೆಗಳು, ಕೆಳಗೆ ತೇವ, ಗಾಳಿಯಲ್ಲಿ ಸೋಪಿನ ಘಾಟು. ಕಿಟಕಿಯ ಆಚೆ ಕುಳಿತಿದ್ದ ಗುಮಾಸ್ತರನ್ನು ಲಾಂಡ್ರಿಯವರು ನಿಮಿಷಪ್ಪ ಅನ್ನುತ್ತಿದ್ದರು. ಒಬ್ಬೊಬ್ಬರಿಗೆ ಒಂದೇ ನಿಮಿಷ ಅಂತ ಮೇಲಿನವರು ಕಟ್ಟಪ್ಪಣೆ ಮಾಡಿದ್ದರು, ಇವರು ಅದನ್ನು ಅರ್ಧ ನಿಮಿಷಕ್ಕೆ ಇಳಿಸಿ ಶಹಬ್ಬಾಸ್‌ಗಿರಿ ಪಡೆದಿದ್ದರು. ಕಿಟಕಿಯ ಮುಂದೆ ನರಪಿಳ್ಳೆಯೂ ಇರಲಿಲ್ಲ.

“ಪುಟ ಮಾಡಿದೋಳು ನಾನೇ ಸಾರ್. ಒಂದು ಸಲ ನೋಡ್ಬೇಕಿತ್ತು,” ಎಂದಳು ಸೊಸೆ.

“ಚೆನ್ನಾಗಿದೆ ಕಣಮ್ಮ ಪುಟ. ಫಟಾಫಟ್ ಹೇಳುತ್ತೆ,” ಎಂದು ನಿಮಿಷಪ್ಪ ಮೆಚ್ಚುಗೆಯಿಂದಲೇ ಪಕ್ಕದ ಬಾಗಿಲು ತೆರೆದು ಒಳಗೆ ಬಿಟ್ಟುಕೊಂಡರು. ಅತ್ತೆ ಹೊರಗಿನಿಂದ ಕಾರ್ಡು ತೂರಿಸಿದರು. ನಿಮಿಷಪ್ಪ ಸಂಖ್ಯೆ ಒತ್ತಿದರು. ಪರದೆ ತಕ್ಷಣ ಹೇಳಿತು: ‘ಈ ಕಾರ್ಡಿಗೆ ಯಾವ ಮನೆಯೂ ಇಲ್ಲ.’

“ನೋಡಿದ್ರಾ? ಇಲ್ಲ,” ಎಂದು ನಿಮಿಷಪ್ಪ ‘ಮುಂದಿನವರು’ ಬಟನ್ನಿಗೆ ಬೆರಳು ಒಯ್ದರು.

“ಸಾರ್, ತಾಳಿ. ಕೈ ಎತ್ತಿ.”

ಕೈ ಎತ್ತಿದರು. ಮೂರೂ ಜನ ಪರದೆ ನೋಡುತ್ತ ನಿಂತರು. ಸೊಸೆ ಮನಸ್ಸಿನಲ್ಲೇ ಎಣಿಸಿದಳು. ಒಂದು, ಎರಡು, ಮೂರು. ಎಲ್ಲೋ ಕೊಳವೆಯೊಳಗೆ ನೀರು ಗುಡುಗುಡು ಎಂದಿತು. ಐದು, ಆರು. ಏಳಕ್ಕೆ ಆ ವಾಕ್ಯ ಸದ್ದಿಲ್ಲದೆ ಅಳಿದು ಆ ಜಾಗದಲ್ಲಿ ಅತ್ತೆಯ ಹೆಸರು ಬಂದು ಕೂತಿತು. ಮನೆ ಸಂಖ್ಯೆ ಮೂವತ್ತೇಳು. ನೆಲಮಹಡಿ.

ನಿಮಿಷಪ್ಪ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. “ಇದೇನು ಮಾಟ?”

ಮಾಟವಲ್ಲ, ತನ್ನದೇ ಕೈ ಕೆಲಸ ಅಂತ ಸೊಸೆಗೆ ಹೊಳೆಯಿತು. ಓಣಿಯ ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪು ತೆರೆದಳು. ಅತ್ತೆ ಪಕ್ಕದಲ್ಲೇ ಕೂತರು, ಪೊಲೀಸರ ಹಾಗೆ.

“ಬಿಡಿಸಿ ಹೇಳು. ನನಗೆ ಅರ್ಥ ಆಗೋ ಹಾಗೆ.”

“ಪಟ್ಟಿ ಇಲ್ಲಿಲ್ಲ ಅತ್ತೆ, ದೂರದ ಸರ್ವರಿನಲ್ಲಿದೆ. ಎಲ್ಲ ಆಸ್ಪತ್ರೆಗಳದ್ದೂ ಸೇರಿ ಹನ್ನೊಂದು ಸಾವಿರ ಹೆಸರು. ಪುಟ ಏನು ಮಾಡುತ್ತೆ, ಪಟ್ಟಿ ತಾ ಅಂತ ಹೇಳಿ ಕಳಿಸುತ್ತೆ. ಕಳಿಸಿ ಕಾಯೋದಿಲ್ಲ, ಮುಂದಿನ ಸಾಲಿಗೆ ಹೋಗಿಬಿಡುತ್ತೆ. ಆ ಭಾಷೆಯ ಸ್ವಭಾವವೇ ಹಾಗೆ, ಯಾರಿಗೂ ಕಾಯೋದಿಲ್ಲ. ಮುಂದಿನ ಸಾಲಲ್ಲಿ ನಾನು ಬರೆದಿರೋದು, ಪಟ್ಟಿಯಲ್ಲಿ ಹೆಸರಿದ್ರೆ ತೋರಿಸು, ಇಲ್ದಿದ್ರೆ ಇಲ್ಲ ಅನ್ನು ಅಂತ. ಪಟ್ಟಿ ಇನ್ನೂ ದಾರಿಯಲ್ಲಿದೆ. ಕೈಯಲ್ಲಿರೋದು ಖಾಲಿ ಹಾಳೆ. ಖಾಲಿ ಹಾಳೆಯಲ್ಲಿ ಹುಡುಕಿ ಇಲ್ಲ ಅಂದುಬಿಡುತ್ತೆ. ಆಮೇಲೆ ಪಟ್ಟಿ ಬಂದಾಗ ತಿದ್ದಿಕೊಳ್ಳುತ್ತೆ. ಅಷ್ಟರಲ್ಲಿ ಅವರು ಮುಂದಿನವರು ಅಂತ ಒತ್ತಿಯಾಗಿರುತ್ತೆ.”

“ನಿನ್ನ ಆಫೀಸಲ್ಲಿ ಯಾಕೆ ಸರಿ ಬಂತು?”

ಸೊಸೆ ಕಾಲಬೆರಳು ನೋಡಿಕೊಂಡಳು. “ಅಲ್ಲಿ ನಾನು ಪರೀಕ್ಷೆಗೆ ಅಂತ ಹನ್ನೆರಡೇ ಹೆಸರು ಇಟ್ಕೊಂಡಿದ್ದೆ. ನನ್ನ ಪೆಟ್ಟಿಗೆಯೊಳಗೇ. ಕೇಳಿದ ಕೂಡಲೇ ಬರೋದು.”

“ಯಾರ ಹೆಸರು?”

“ಮೊದಲನೇದು ನಿಮ್ಮದೇ. ಎರಡನೇದು ನಿಮ್ಮ ಮಗಂದು. ಕೊನೇದು ಪಕ್ಕದ ಮನೆ ಬೆಕ್ಕಿಂದು.”

“ಬೆಕ್ಕಿಗೂ ಮನೆ ಕೊಟ್ಟಿದ್ದೀಯ. ಒಳ್ಳೇದು.” ಅತ್ತೆ ಸೆರಗಿನಿಂದ ಕತ್ತು ಒರೆಸಿಕೊಂಡರು. “ಮೇಲಿನ ಮಹಡಿಯ ಕಿಟಕಿಯಲ್ಲಿ ದೊಡ್ಡವರ ಮನೆಗಳಿಗೂ ಇದೇ ಪುಟ ಅಲ್ವಾ? ಅವರಿಗೆ ಯಾರಿಗೂ ಇಲ್ಲ ಅಂದಿಲ್ಲವಲ್ಲ?”

ಸೊಸೆ ಅದನ್ನೂ ನೋಡಿದ್ದಳು. ಮೇಲಿನ ಕಿಟಕಿಗೆ ಹೋದ ವರ್ಷವೇ ಹೊಸ ಇಂಟರ್ನೆಟ್ ಲೈನು ಎಳೆದಿದ್ದರು, ಅಲ್ಲಿ ಹನ್ನೊಂದು ಸಾವಿರ ಹೆಸರೂ ಚಿಟಿಕೆ ಹೊಡೆಯುವುದರೊಳಗೆ ಬರುತ್ತಿತ್ತು. ಕೆಳಗಿನದು ಹಳೇ ಲೈನು, ಏಳು ಸೆಕೆಂಡು. ಕಟ್ಟಡದ ಒಂದೇ ಪುಟ ಮೇಲೆ ಸತ್ಯ ಹೇಳುತ್ತಿತ್ತು, ಕೆಳಗೆ ಸುಳ್ಳು ಹೇಳುತ್ತಿತ್ತು. ಯಾರೂ ಪಿತೂರಿ ಮಾಡಬೇಕಾಗಿರಲಿಲ್ಲ. ಹಳೇ ಲೈನು ಯಾರಿಗೆ ಸಾಕು ಅಂತ ಒಮ್ಮೆ ತೀರ್ಮಾನ ಮಾಡಿಬಿಟ್ಟರೆ ಉಳಿದದ್ದನ್ನು ತಂತಿಯೇ ನೋಡಿಕೊಳ್ಳುತ್ತದೆ.

“ಇಲ್ಲ ಅನ್ನೋದು ಬೇರೆ, ಇನ್ನೂ ಬಂದಿಲ್ಲ ಅನ್ನೋದು ಬೇರೆ. ಇಷ್ಟು ಓದಿದೋಳಿಗೆ ಇದು ತಿಳೀಲಿಲ್ವಾ?” ಅತ್ತೆಯ ದನಿಯಲ್ಲಿ ಈಗ ಜಗಳಕ್ಕಿಂತ ಆಶ್ಚರ್ಯ ಹೆಚ್ಚಿತ್ತು. “ನಮ್ಮಲ್ಲಿ ವಾರ್ಡಿಗೊಂದು ಗೂಟ. ಒಗೆದ ಗಂಟು ಅದಕ್ಕೆ ನೇತುಹಾಕ್ತೀವಿ. ನರ್ಸಮ್ಮ ಬಂದು ಕೇಳಿದಾಗ ಗೂಟ ಖಾಲಿ ಇದೆ ಅಂತ ಬಟ್ಟೆ ಇಲ್ಲ ಅಂತೀವಾ? ಮಿಷಿನ್ನಿನಲ್ಲಿ ಇದ್ರೆ ಗೂಟಕ್ಕೆ ಹಳದಿ ಬಿಲ್ಲೆ ಹಾಕಿರ್ತೀವಿ. ಬಿಲ್ಲೆ ಕಂಡ್ರೆ ಕಾಯಿ ಅಂತ ಅರ್ಥ. ಗಂಟೂ ಇಲ್ಲ ಬಿಲ್ಲೆನೂ ಇಲ್ಲ ಅಂದ್ರೆ ಮಾತ್ರ ಇಲ್ಲ. ಆಪರೇಷನ್ನಿಗೆ ಮಲಗಿಸಿದೋರ ಮೇಲೆ ಹೊದಿಸೋ ಬಟ್ಟೆ ಅದು, ಬಾಯಿಗೆ ಬಂದ ಹಾಗೆ ಇಲ್ಲ ಅನ್ನೋಕಾಗುತ್ತಾ? ನಿಮ್ಮ ಕಂಪ್ಯೂಟರಿಗೆ ಒಂದು ಬಿಲ್ಲೆಗೂ ಗತಿ ಇಲ್ವಾ?”

“ಇದೆ ಅತ್ತೆ. ನಾನು ಹಾಕಲಿಲ್ಲ.”

“ಹಾಕು ಮತ್ತೆ. ಮುಖ ಏನು ನೋಡ್ತೀಯ?”

“ಮಿಷಿನ್ನೇ ಕೆಟ್ಟುಹೋದ್ರೆ ಏನು ಮಾಡ್ತೀರಿ?”

“ಕೆಂಪು ಬಿಲ್ಲೆ.”

ಸೊಸೆ ಎರಡೂ ಬಿಲ್ಲೆ ಹಾಕಿದಳು. ಕೇಳಿ ಕಳಿಸಿದ ಪಟ್ಟಿ ಕೈಗೆ ಬರುವವರೆಗೆ ಪುಟ ಯಾವ ತೀರ್ಪನ್ನೂ ಕೊಡಬಾರದು, ‘ಹುಡುಕುತ್ತಿದೆ, ಕಾಯಿರಿ’ ಅನ್ನಬೇಕು, ‘ಮುಂದಿನವರು’ ಬಟನ್ನು ಒತ್ತಲು ಬರಬಾರದು. ಪಟ್ಟಿ ಬಂದಮೇಲೆ, ಬಂದಮೇಲೆ ಮಾತ್ರ, ಇದೆಯೋ ಇಲ್ಲವೋ ಹೇಳಬೇಕು. ಲೈನು ಕಡಿದರೆ ‘ತಿಳಿಯಲಿಲ್ಲ, ಮತ್ತೆ ಕೇಳಿ’ ಅನ್ನಬೇಕು. ಬರೆದದ್ದು ಒಂಬತ್ತು ಸಾಲು. ಮೂರೂವರೆಗೆ ಹೊಸ ಪುಟ ಕಿಟಕಿಗೆ ಬಂತು. ನಿಮಿಷಪ್ಪ ಅತ್ತೆಯ ಕಾರ್ಡು ಒತ್ತಿದರು. ಪರದೆಯ ಮೇಲೊಂದು ಹಳದಿ ಉಂಗುರ ತಿರುಗಿತು, ಏಳಕ್ಕೆ ಹೆಸರು ಬಂತು.

“ಆಯ್ತಲ್ಲ. ಹಾಕಿ ಸಹಿ,” ಎಂದರು ನಿಮಿಷಪ್ಪ.

ಅತ್ತೆ ಪೆನ್ನು ತೆಗೆದುಕೊಂಡವರು ತಟ್ಟನೆ ನಿಲ್ಲಿಸಿದರು. “ನನ್ನ ಹಾಗೆ ಇನ್ನೆಷ್ಟು ಜನಕ್ಕೆ ಇಲ್ಲ ಅಂದಿದ್ದೀರಿ?”

“ಅದೆಲ್ಲ ಯಾರು ನೆನಪಿಟ್ಕೋತಾರಮ್ಮ?”

ಪುಟ ನೆನಪಿಟ್ಟುಕೊಂಡಿತ್ತು. ಯಾವ ಕಾರ್ಡು ಎಷ್ಟು ಹೊತ್ತಿಗೆ ಒತ್ತಿದರು ಅನ್ನುವುದೆಲ್ಲ ಅದರ ದಾಖಲೆಯಲ್ಲಿತ್ತು. ನಲವತ್ತೆಂಟರಲ್ಲಿ ಒಪ್ಪಿಗೆ ಆದದ್ದು ಹದಿನೈದು. ಅವರೆಲ್ಲ ಎಂಥ ಪುಣ್ಯವಂತರು ಅಂತ ನೋಡಿದರೆ, ಅವರ ಸರದಿ ಬಂದಾಗ ನಿಮಿಷಪ್ಪನವರು ಚಹಾ ಗುಟುಕರಿಸುತ್ತಿದ್ದರು, ಇಲ್ಲ ಸೀನುತ್ತಿದ್ದರು. ಒಂದು ಸೀನಿಗೆ ಒಂದು ಮನೆ. ಉಳಿದ ಮೂವತ್ತಮೂರು ಜನಕ್ಕೆ ಇಲ್ಲ. ಅತ್ತೆಯನ್ನು ಬಿಟ್ಟರೆ ಮೂವತ್ತೆರಡು.

“ನಾನೇನು ಮಾಡ್ಲಿ?” ನಿಮಿಷಪ್ಪನವರ ದನಿ ಏರಿತು. “ಪರದೆ ಹೇಳಿದ್ದನ್ನ ಹೇಳಿದೆ.”

“ಪರದೆ ಹೇಳಿದ್ದನ್ನ ಹೇಳೋಕೆ ಪರದೆ ಒಂದೇ ಸಾಕಿತ್ತಲ್ಲಪ್ಪ. ಪಕ್ಕದಲ್ಲಿ ನಿಮ್ಮನ್ನ ಯಾಕೆ ಕೂರಿಸಿದ್ರು?” ಎಂದರು ಅತ್ತೆ.

ನಿಮಿಷಪ್ಪ ಮುದ್ರೆಯ ಪೆಟ್ಟಿಗೆಯನ್ನು ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು.

ಸೊಸೆ ಬಾಸ್‌ಗೆ ಫೋನು ಮಾಡಿದಳು. ಬಾಸ್ ಪೂರ್ತಿ ಕೇಳಿಸಿಕೊಂಡು, “ಸರಿ ಮಾಡಿದ್ಯಾ? ಗುಡ್. ಇನ್ನು ಬಾಯಿ ಮುಚ್ಕೊಂಡು ಬಾ,” ಎಂದರು.

“ಇಲ್ಲ ಅನ್ನಿಸ್ಕೊಂಡು ಹೋದೋರು, ಸಾರ್?”

“ಅದು ಆಸ್ಪತ್ರೆ ವಿಷಯ. ಪುಟ ಸರಿ ಇದೆ ಅಂತ ಸಹಿ ಹಾಕಿಕೊಟ್ಟಿದ್ದೀವಿ.”

“ಹಾಕಿದ್ದು ನಾನು ಸಾರ್.”

“ಅದಕ್ಕೇ ಹೇಳ್ತಿರೋದು, ಬಾಯಿ ಮುಚ್ಕೊಂಡು ಬಾ ಅಂತ.”

ಸೊಸೆ ಫೋನು ಇಟ್ಟಳು. ಬಾಯಿ ಮುಚ್ಚಿಕೊಂಡೇ ಇದ್ದಳು, ಬೆರಳು ಮಾತ್ರ ಆಡಿದವು. ಕಾರ್ಡು ಒತ್ತುವುದು ಕಿಟಕಿಯಲ್ಲಷ್ಟೇ ಆದರೂ, ಆಸ್ಪತ್ರೆಯ ಹಜಾರದ ದೊಡ್ಡ ಪರದೆಯಲ್ಲೂ ನೌಕರರ ಫೋನುಗಳಲ್ಲೂ ತೆರೆದುಕೊಳ್ಳುವ ಆ ಪುಟದ ನೆತ್ತಿಯ ಮೇಲೆ ಹೀಗೆ ಬರೆದಳು: ‘ಬುಧವಾರದಿಂದ ಇವತ್ತು ಮೂರೂವರೆಯವರೆಗೆ ಕೆಳಗಿನ ಕಿಟಕಿಯಲ್ಲಿ ಮನೆ ಇಲ್ಲ ಎನ್ನಿಸಿಕೊಂಡವರೆಲ್ಲ ಐದರೊಳಗೆ ಮತ್ತೆ ಬನ್ನಿ. ನಿಮ್ಮ ಹೆಸರು ಇದೆ. ತಪ್ಪು ಈ ಪುಟದ್ದು. ಪುಟ ಬರೆದವಳು ನಾನು.’ ಕೆಳಗೆ ತನ್ನ ಪೂರ್ತಿ ಹೆಸರು, ಕಂಪನಿಯ ಹೆಸರು.

ಅತ್ತೆ ಕಣ್ಣು ಕಿರಿದು ಮಾಡಿ ಓದಿದರು. “ಕೆಲಸ ಹೋದ್ರೆ?”

“ಮಗು ನೋಡ್ಕೊಳ್ಳೋಕೆ ಆಳು ಸಿಕ್ಕ ಹಾಗಾಯ್ತು. ನಾನೇ.”

ಅತ್ತೆ ನಕ್ಕರು. ಆಮೇಲೆ ತಮ್ಮ ಫೋನು ತೆಗೆದರು. ಪುಟ ಬರೆದರೆ ಸಾಕೇ, ಶನಿವಾರದ ಮಧ್ಯಾಹ್ನ ಪುಟ ತೆರೆದು ನೋಡುವವರು ಯಾರು? ಬೆಂಚಿನ ಒಂದು ತುದಿಯಲ್ಲಿ ಸೊಸೆ ದಾಖಲೆ ನೋಡಿ ಫೋನು ಸಂಖ್ಯೆ ಓದುವುದು, ಇನ್ನೊಂದು ತುದಿಯಲ್ಲಿ ಅತ್ತೆ ಕೂಗುವುದು. “ಲೇ, ಮೂಟೆ ಮಾವ! ಎದ್ದೇಳು. ಮನೆ ಇದೆ. ಇದೆ ಅಂದ್ರೆ ಇದೆ. ಯಾರು ಹೇಳಿದ್ರು ಅಂತ ಕೇಳ್ತೀಯಲ್ಲ, ಇಲ್ಲ ಅಂದಾಗ ಕೇಳಿದ್ಯಾ? ಬಾ ಬೇಗ.” “ಗುಂಡಿ ಅಕ್ಕ, ನಾನು. ಸೊಸೆ ಕತ್ತರಿ ಹಾಕಿದ್ದು ನನ್ನ ಹೆಸರಿಗೊಂದೇ ಅಲ್ಲವಂತೆ, ನಿನ್ನದಕ್ಕೂ. ಬಂದು ಬಯ್ಯಿ, ಬಾ.”

ಎಲ್ಲರೂ ಊರಿನ ಅಂಚಿನಲ್ಲಿ ಇದ್ದವರು. ರಜೆಯ ದಿನ. ಎರಡು ಬಸ್ಸು ಬದಲಿಸಬೇಕು. ನಾಲ್ಕೂವರೆ ಆಯಿತು, ಓಣಿ ಖಾಲಿ. ನಾಲ್ಕು ನಲವತ್ತಕ್ಕೆ ನಿಮಿಷಪ್ಪ ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸತೊಡಗಿದರು. ನಲವತ್ತೈದಕ್ಕೆ ಷಟರಿನ ಕೊಂಡಿಗೆ ಕೈ ಹಾಕಿದರು.

“ಅಮ್ಮ, ಸಹಿ ಹಾಕಿಬಿಡಿ. ನಿಮ್ಮದಾದ್ರೂ ಉಳೀಲಿ.”

ಅತ್ತೆ ಕಿಟಕಿಯ ಮುಂದೆ ಹೋಗಿ ನಿಂತರು. ನಿಂತವರು ಒಪ್ಪಿಗೆ ಪತ್ರ ಮುಂದೆ ಎಳೆದುಕೊಂಡು, ಕನ್ನಡಕ ಹುಡುಕಿ, ಹಾಕಿಕೊಂಡು, ಗೋಡೆಯ ಕಡೆ ಕೈ ತೋರಿಸಿದರು. ಕೊಳವೆಯ ಹಿಂದೆ, ಬಣ್ಣ ಮಾಸಿದ ಒಂದು ತಗಡಿನ ಬೋರ್ಡು: ‘ಸಾಲಿನಲ್ಲಿ ಒಬ್ಬರಿದ್ದರೂ ಕಿಟಕಿ ಮುಚ್ಚತಕ್ಕದ್ದಲ್ಲ.’

“ಅದನ್ನ ಹಾಕಿಸಿದ್ದು ಯಾರು ಗೊತ್ತೇನಪ್ಪ? ನೀವಿನ್ನೂ ಈ ಕೆಲಸಕ್ಕೆ ಬಂದಿರಲಿಲ್ಲ. ಒಂಬತ್ತು ದಿನ ಒಂದು ಚಾದರ ಒಗೆಯದೆ ಕೂತು ಹಾಕಿಸಿದ್ವಿ. ಈಗ ನಾನೇ ಸಾಲು. ಮುಗಿದಿಲ್ಲ. ಓದ್ತಾ ಇದ್ದೀನಿ.”

ಒಪ್ಪಿಗೆ ಪತ್ರದಲ್ಲಿ ಹನ್ನೊಂದು ಷರತ್ತು. ಅತ್ತೆ ಒಂದನೆಯದರ ಕೆಳಗೆ ಬೆರಳಿಟ್ಟರು.

“‘ಫಲಾನುಭವಿ’ ಅಂದ್ರೇನು?”

“ಮನೆ ಸಿಗೋರು ಅಮ್ಮ.”

“ಹಾಗಂತಲೇ ಬರೆಯೋಕೆ ಏನು ರೋಗ? ಆಯ್ತು, ಎರಡನೇದು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಎಷ್ಟು ಉದ್ದದ ಮೊಳೆ?”

“ಯಾವ ಮೊಳೆನೂ ಹೊಡೀಬಾರದು.”

“ಕ್ಯಾಲೆಂಡರು ಎಲ್ಲಿ ಹಾಕೋದು? ನಿಮ್ಮ ಮನೇಲಿ ಎಲ್ಲಿ ಹಾಕ್ತೀರಿ?”

“ಅಮ್ಮಾ, ನಿಮಿಷ ಆಯ್ತು.”

“ಮೂವತ್ತೊಂದು ವರ್ಷ ಆಯ್ತಪ್ಪ. ಮೂರನೇದು.”

ಸೊಸೆ ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. ಅತ್ತೆಯ ಹೆಸರಿನ ಮುಂದೆ ಇನ್ನೂ ಸಹಿ ಬಿದ್ದಿಲ್ಲ. ಮೇಲಿನವರು ಬೋರ್ಡಿಗೆ ಸೊಪ್ಪು ಹಾಕದೆ ಮುಚ್ಚು ಅಂದುಬಿಟ್ಟರೆ ಎಲ್ಲರದರ ಜೊತೆ ಅತ್ತೆಯ ಬಾಗಿಲೂ ಹೋಗುತ್ತದೆ. ಅತ್ತೆಗೂ ಗೊತ್ತಿತ್ತು. ಆದರೂ ಅವರ ಬೆರಳು ಆರನೇ ಷರತ್ತಿಗೆ ಇಳಿಯಿತು.

ಐದಕ್ಕೆ ಸರಿಯಾಗಿ ಒಳಗಿನ ಫೋನು ಬಡಿದುಕೊಂಡಿತು. ನಿಮಿಷಪ್ಪ ಎತ್ತಿದರು. ಆಚೆಯ ದನಿ ಓಣಿಯವರೆಗೂ ಕೇಳುವಷ್ಟು ದೊಡ್ಡದಿತ್ತು: ಮುಚ್ಚಿದಿರಾ?

“ಇಲ್ಲ ಸಾರ್. ಸಾಲಿದೆ.”

ಎಷ್ಟು ಜನ?

ನಿಮಿಷಪ್ಪ ಅತ್ತೆಯನ್ನು ನೋಡಿದರು. ಪರದೆಯನ್ನು ನೋಡಿದರು. ನಾಲ್ಕು ದಿನದಿಂದ ಮೂವತ್ತಮೂರು ಜನಕ್ಕೆ ಇಲ್ಲ ಅಂದು ಒತ್ತಿದ ಆ ಬಟನ್ನನ್ನು ನೋಡಿದರು. “ಒಬ್ಬರು ಸಾರ್. ಆದ್ರೆ ಬೋರ್ಡಿನಲ್ಲಿ ಒಬ್ಬರಿದ್ರೂ ಅಂತಲೇ ಇದೆ. ... ಹೌದು ಸಾರ್, ಹಳೇ ಬೋರ್ಡೇ. ... ತೆಗೆಸಿಲ್ಲವಲ್ಲ ಸಾರ್, ಹಾಗಾದ್ರೆ ಇನ್ನೂ ಇದೆ ಅಂತಲೇ ಲೆಕ್ಕ.” ಫೋನು ಇಟ್ಟು, ಯಾರನ್ನೂ ನೋಡದೆ ಹೇಳಿದರು: “ಏಳನೇದು ಓದಿ ಅಮ್ಮ. ಅದು ಸ್ವಲ್ಪ ಕಷ್ಟ ಇದೆ. ನಿಧಾನಕ್ಕೆ ಓದಿ.”

ಏಳನೆಯದರ ಅರ್ಧಕ್ಕೆ ಬಂದಾಗ ಓಣಿಯ ತುದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ಮೂಟೆ ಮಾವ. ಮೂವತ್ತು ವರ್ಷ ಬಟ್ಟೆಯ ಗಂಟು ಹೊತ್ತು ಬಾಗಿದ ಬೆನ್ನು, ಉಲ್ಟಾ ಹಾಕಿಕೊಂಡ ಅಂಗಿ. ಅವರು ಸೈಕಲ್ಲನ್ನು ಗೋಡೆಗೆ ಒರಗಿಸುವುದರೊಳಗೆ ಮೂರು ಜನ ಹೆಂಗಸರು ಓಡುತ್ತಲೇ ಬಂದರು, ಮುಂದೆ ಗುಂಡಿ ಅಕ್ಕ.

“ತಮಾಷೆಗೆ ಅಂದದ್ದು ಕಣಮ್ಮ ಅವತ್ತು,” ಎಂದಳು ಗುಂಡಿ ಅಕ್ಕ, ಸೊಸೆಯನ್ನು ಕಂಡ ಕೂಡಲೇ.

“ತಪ್ಪಂತೂ ನಂದೇ ಅಕ್ಕ.”

“ನಾನೂ ಅದೇ ಅಂದಿದ್ದು ಮತ್ತೆ. ಎಲ್ಲಿ ನಿಲ್ಲಲಿ?”

ಅತ್ತೆ ಪತ್ರ ಮಡಚಿಕೊಂಡು ಪಕ್ಕಕ್ಕೆ ಸರಿದರು. “ನೀವು ಮೊದಲು ಹೋಗಿ. ನಾನು ಕೊನೆಗೆ ನಿಲ್ತೀನಿ.” ಸಾಲಿನ ಬಾಲಕ್ಕೆ ಹೋಗಿ ನಿಂತರು. ಹೊಸಬರು ಬಂದಹಾಗೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಕಿಟಕಿಯಲ್ಲಿ ಹಳದಿ ಉಂಗುರ ತಿರುಗುವುದು, ಏಳಕ್ಕೆ ಹೆಸರು ಬೀಳುವುದು, ಓಣಿಯಲ್ಲಿ ಹೋ ಅನ್ನುವುದು. ನಾಲ್ಕೈದು ಜನ ಆಗುವಷ್ಟರಲ್ಲಿ ಸಾಲಿಗೆ ಸಾಲೇ ಗಟ್ಟಿಯಾಗಿ ಎಣಿಸತೊಡಗಿತ್ತು: ಐದು, ಆರು, ಏಳು! ನಿಮಿಷಪ್ಪನವರೂ ತುಟಿ ಆಡಿಸುತ್ತಿದ್ದರು. ಒಂದು ಸಲ ಎಂಟಾಯಿತು. ಹೆಸರು ಬರಲಿಲ್ಲ. ಒಂಬತ್ತಕ್ಕೆ ಬಂತು. ಸ್ಟ್ರೆಚರ್ ತಳ್ಳುವವನೊಬ್ಬ ನೆಲಕ್ಕೇ ಕುಸಿದು ಕೂತು ನಕ್ಕ.

ಆರೂಕಾಲಿಗೆ ಮೂವತ್ತು ಜನರದು ಮುಗಿಯಿತು. ಸಾಲಿನಲ್ಲಿ ಉಳಿದವರು ಅತ್ತೆ ಒಬ್ಬರೇ.

“ಇನ್ನಾದ್ರೂ ಹಾಕ್ತೀರಾ?” ನಿಮಿಷಪ್ಪನವರ ದನಿಯಲ್ಲಿ ದಣಿವಿತ್ತು, ಅವಸರವಿರಲಿಲ್ಲ.

“ಇನ್ನಿಬ್ಬರು?”

ಇಸ್ತ್ರಿ ತಂಗಿ ಮತ್ತು ಸೋಪಿನ ಅಣ್ಣ. ಇಸ್ತ್ರಿ ತಂಗಿಯ ಫೋನು ಮಧ್ಯಾಹ್ನದಿಂದ ಸತ್ತುಬಿದ್ದಿತ್ತು. ಬುಧವಾರ ಇಲ್ಲ ಅಂದದ್ದನ್ನು ನಂಬಿ, ಬಾಡಿಗೆ ಕೋಣೆ ಬಿಟ್ಟು, ಗಂಟುಮೂಟೆ ಕಟ್ಟಿ, ನಿನ್ನೆಯೇ ದೂರದ ಮಗಳ ಮನೆ ಸೇರಿದ್ದಳು ಅಂತ ಗುಂಡಿ ಅಕ್ಕ ಹೇಳಿದಳು. ಸೋಪಿನ ಅಣ್ಣನ ಫೋನು ಬಡಿದುಕೊಳ್ಳುತ್ತಿತ್ತು, ಎತ್ತುತ್ತಿರಲಿಲ್ಲ. ಸೊಸೆ ಹದಿನೆಂಟನೇ ಸಲ ಪ್ರಯತ್ನಿಸಿದಳು.

“ಅವರಿಬ್ಬರದು ಏನಂತ ಬರೀತೀರಿ?” ಎಂದರು ಅತ್ತೆ.

ನಿಮಿಷಪ್ಪ ಪರದೆ ತಿರುಗಿಸಿ ತೋರಿಸಿದರು. ಪುಟದಲ್ಲಿ ಎರಡೇ ಬಟನ್ನು: ‘ಒಪ್ಪಿದರು’, ‘ನಿರಾಕರಿಸಿದರು’.

“ಅವರು ಯಾವಾಗ ಬೇಡ ಅಂದ್ರು?”

“ಇನ್ನೊಂದು ಬಟನ್ ಇಲ್ಲವಲ್ಲ ಅಮ್ಮ.”

ಎಲ್ಲರೂ ಸೊಸೆಯ ಕಡೆ ತಿರುಗಿದರು. ಅವಳು ತಲೆ ತಗ್ಗಿಸಲಿಲ್ಲ. “ಎರಡೇ ಸಾಕು ಅಂತ ಹೇಳಿದ್ರು. ನಾನೂ ಕೇಳಲಿಲ್ಲ. ಈಗ ಬಟನ್ ಹಾಕಬಹುದು, ಆದ್ರೆ ಅದನ್ನ ಮೇಲಿನವರು ಸೋಮವಾರ ಕಿತ್ತುಹಾಕ್ತಾರೆ. ಕಾಗದ ಆದ್ರೆ ಕೀಳೋಕಾಗಲ್ಲ.”

“ಸರಿ. ಕಾಗದ ತೆಗೀರಿ,” ಎಂದು ಅತ್ತೆ ಕಿಟಕಿಯ ಕಟ್ಟೆಯ ಮೇಲೆ ಎರಡೂ ಮೊಣಕೈ ಊರಿದರು. “ನೀವು ಬರೆಯೋವರೆಗೆ ನಾನು ಹಾಕಲ್ಲ. ನಾನು ಹಾಕೋವರೆಗೆ ಸಾಲು ಮುಗಿಯಲ್ಲ. ಸೋಮವಾರದವರೆಗೆ ಬೇಕಾದ್ರೂ ನಿಲ್ತೀನಿ. ನಿಂತೇ ನಿದ್ದೆ ಮಾಡೋದು ಲಾಂಡ್ರಿಯಲ್ಲಿ ಕಲಿತಿದ್ದೀನಿ.”

ಓಣಿಯಲ್ಲಿದ್ದ ಮೂವತ್ತು ಜನರಲ್ಲಿ ಒಬ್ಬರೂ ಮನೆಗೆ ಹೊರಟಿರಲಿಲ್ಲ. ಮೂಟೆ ಮಾವ ಸದ್ದಿಲ್ಲದೆ ಹೋಗಿ ಅತ್ತೆಯ ಹಿಂದೆ ನಿಂತರು. ಅವರ ಹಿಂದೆ ಗುಂಡಿ ಅಕ್ಕ. ನೋಡನೋಡುತ್ತ ಮುಗಿದುಹೋಗಿದ್ದ ಸಾಲು ಮತ್ತೆ ಓಣಿಯ ತುದಿ ಮುಟ್ಟಿತು.

ನಿಮಿಷಪ್ಪ ಒಂದು ಹಾಳೆ ಎಳೆದುಕೊಂಡು ಬರೆಯತೊಡಗಿದರು. ಬರೆದದ್ದನ್ನು ಗಟ್ಟಿಯಾಗಿ ಓದಿ ಅಂದರು ಅತ್ತೆ. ಓದಿದರು: “‘ಮೇಲ್ಕಂಡ ಇಬ್ಬರಿಗೆ ಈ ಕಿಟಕಿಯಲ್ಲಿ ತಪ್ಪು ಮಾಹಿತಿ ಕೊಡಲಾಗಿದೆ. ಅವರು ನಿರಾಕರಿಸಿಲ್ಲ. ಅವರನ್ನು ಇನ್ನೂ ಕೇಳಿಲ್ಲ. ಕೇಳುವವರೆಗೆ ಆ ಎರಡು ಮನೆಗಳನ್ನು ಬೇರೆಯವರಿಗೆ ಕೊಡತಕ್ಕದ್ದಲ್ಲ.’ ಸಾಕಾ?”

“ತಪ್ಪು ಮಾಹಿತಿ ಕೊಟ್ಟದ್ದು ಯಾರು?”

ನಿಮಿಷಪ್ಪ ಪೆನ್ನು ಮೇಲೆತ್ತಿ ಬರೆದದ್ದನ್ನು ಮತ್ತೆ ಓದಿಕೊಂಡರು. ಆಮೇಲೆ ‘ಕೊಡಲಾಗಿದೆ’ ಅನ್ನುವುದನ್ನು ಹೊಡೆದು ‘ಕೊಟ್ಟಿದ್ದೇನೆ’ ಅಂತ ಬರೆದು, ಕೆಳಗೆ ಸಹಿ ಹಾಕಿ, ಮುದ್ರೆ ಒತ್ತಿದರು. ಸೊಸೆ ಕಿಟಕಿಯೊಳಗೆ ಕೈ ಹಾಕಿ ಹಾಳೆ ತೆಗೆದುಕೊಂಡು ಅವರ ಸಹಿಯ ಪಕ್ಕದಲ್ಲಿ ತನ್ನದನ್ನೂ ಹಾಕಿದಳು. ಫೋನಿನಲ್ಲಿ ಅದರ ಚಿತ್ರ ತೆಗೆದು ಸಾಲಿನಲ್ಲಿದ್ದ ಮೂವತ್ತು ಜನಕ್ಕೂ ಕಳಿಸಿದಳು.

ಆಗ ಅತ್ತೆ ಕನ್ನಡಕ ಸರಿಮಾಡಿಕೊಂಡರು. ಮೂವತ್ತೇಳನೇ ಮನೆಯ ಪತ್ರದ ಮೇಲೆ, ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ, ತಮ್ಮ ಪೂರ್ತಿ ಹೆಸರು ಬರೆದರು. ಶಾಯಿ ಒಣಗಲಿ ಅಂತ ಊದಿದರು.

“ಬಾಗಿಲಿಗೆ ಒಳಗಿನಿಂದ ಚಿಲಕ ಇದೆ ತಾನೇ?”

“ಇದೆ ಅಮ್ಮ,” ಎಂದರು ನಿಮಿಷಪ್ಪ. ಆಮೇಲೆ ತಡೆದು, “ನಾನು ನೋಡಿಲ್ಲ. ಸೋಮವಾರ ನೋಡಿ ಹೇಳ್ತೀನಿ,” ಎಂದರು.

ಹೊರಗೆ ಬಂದಾಗ ಬೀದಿದೀಪಗಳು ಹತ್ತಿಕೊಳ್ಳುತ್ತಿದ್ದವು. ಸೊಸೆಯ ಫೋನಿನಲ್ಲಿ ಬಾಸ್‌ನ ಹನ್ನೊಂದು ಕರೆ. ಅವಳು ಅದನ್ನು ಚೀಲದೊಳಗೆ ತಳ್ಳಿದಳು. ಅತ್ತೆ ಸೆರಗನ್ನು ಸೊಂಟಕ್ಕೆ ಬಿಗಿದು, ಎಡಕ್ಕೆ ಮನೆಯ ದಾರಿ ಇದ್ದರೂ ಬಲಕ್ಕೆ ತಿರುಗಿದ್ದರು.

“ಎಲ್ಲಿಗೆ ಅತ್ತೆ?”

“ಸೋಪಿನ ಅಣ್ಣನ ಮನೆ ಕಡೆಯ ಬಸ್ಸು ಇಲ್ಲಿಂದಲೇ. ಫೋನು ಎತ್ತದಿದ್ರೆ ಬಾಗಿಲು ತಟ್ಟಬೇಕು. ಇಸ್ತ್ರಿ ತಂಗಿ ಮಗಳ ಊರಿಗೆ ನಾಳೆ ಮೊದಲ ಬಸ್ಸು ಓಡಿಸೋದು ನಿನ್ನ ಗಂಡನೇ ಅಲ್ವಾ? ಎರಡು ಸೀಟು ಹಿಡಿಯೋಕೆ ಹೇಳು. ನಡಿ.”